ಕೋಲು ಬಿಟ್ಟು ಮಾಡಿದ ರಾಜಿ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ

ಎಂಟಕ್ಕೆ ಆಫೀಸು. ಹನ್ನೊಂದರೊಳಗೆ ಎರಡು ರಾಜಿ. ಒಂದು, ಗಡಿಕಲ್ಲು ಮೂರು ಅಡಿ ಸರಿದದ್ದು. ಕಲ್ಲು ತಾನಾಗಿ ನಡೆದು ಹೋಗಿಲ್ಲ ಎಂದು ಇಬ್ಬರ ಬಾಯಲ್ಲೂ ಹೇಳಿಸಿದೆ, ಉಳಿದದ್ದು ಸಲೀಸು. ಇನ್ನೊಂದು, ಬ್ಯಾಂಡಿನವರ ತುತ್ತೂರಿ ಕಳೆದದ್ದು. ಯಾರ ಮನೆಯಲ್ಲಿದೆ ಅಂತ ಎಲ್ಲರಿಗೂ ಗೊತ್ತು. ನಾಳೆ ಅದು ತಾನಾಗಿ ಬ್ಯಾಂಡಿನ ಕೋಣೆಗೆ ಬರುತ್ತದೆ.

ಊರ ಸಭೆ ನನ್ನನ್ನು ಈ ಸಂಬಳವಿಲ್ಲದ ಕುರ್ಚಿಯ ಮೇಲೆ ಕೂರಿಸಿ ಹದಿನಾಲ್ಕು ತಿಂಗಳು. ಸಾನ್ ಹಸಿಂತೊ ಪುರಸಭೆಯ ಮೊದಲ ಹೆಣ್ಣು ಸಿಂದಿಕಾ. ಅಂದರೆ ಊರ ಜಗಳವೆಲ್ಲ ನನ್ನ ಪಾಲು. "ಜಗಳ ಬಿಡಿಸೋಕೂ ಹೆಂಗಸರು ಬೇಕಾ, ಮಾಡೋದು ಸಾಲದಾ" ಎಂದು ನಕ್ಕವರು ಈಗ ಬಾಗಿಲಲ್ಲಿ ಟೋಪಿ ತೆಗೆದು ಕಾಯುತ್ತಾರೆ. ಇಲ್ಲಿ ಯಾರೂ ಓದುವುದಿಲ್ಲವಲ್ಲ, ಬರೆದೇ ಬಿಡುತ್ತೇನೆ — ನನಗೆ ಈ ಕೆಲಸ ಚೆನ್ನಾಗಿ ಬರುತ್ತದೆ.

ಯೆರಾಗದವರು ಮಾತ್ರ ಬರುವುದಿಲ್ಲ. ಗುಡ್ಡದ ಮೇಲಿನ ಹಳ್ಳಿ, ಕಾಗದದ ಪ್ರಕಾರ ನಮ್ಮ ಪುರಸಭೆಗೇ ಸೇರಿದ್ದು. ತೊಂಬತ್ತಾರರಲ್ಲಿ ಎರಡೂ ಊರಿನ ನಡುವೆ ಆದ ಹೊಡೆದಾಟದ ನಂತರ ಅಲ್ಲಿಂದ ಒಂದೇ ಒಂದು ದೂರು ಕೆಳಗೆ ಇಳಿದಿಲ್ಲ. ನಮ್ಮ ನೋಟಿಸುಗಳಿಗೆ ಉತ್ತರವಿಲ್ಲ. ಹತ್ತೊಂಬತ್ತು ವರ್ಷ.

ಅದೇ ದಿನ, ಸಂಜೆ

ಯೆರಾಗದವರು ನಮ್ಮ ಜೆಸಿಬಿ ತಡೆದಿದ್ದಾರೆ. ಓಡಿಸುತ್ತಿದ್ದವನನ್ನೂ ಇಟ್ಟುಕೊಂಡಿದ್ದಾರೆ. ಓಡಿಸುತ್ತಿದ್ದವನು ಮೆಲಿತೋನ್. ನನ್ನ ಗಂಡ.

ಅವರ ನೆಲದ ನೀರಿನ ಊಟೆಯಿಂದ ನಮ್ಮೂರಿಗೆ ದೊಡ್ಡ ಪೈಪ್ ಹಾಕಲು ಅಗೆಯುತ್ತಿದ್ದ. ಅವರದೇ ಮೇಲಿನ ಸಾಲಿನ ಮನೆಗಳಿಗೆ ಇನ್ನೂ ನಲ್ಲಿ ಇಲ್ಲ. ಅಲ್ಲಿನ ಹೆಂಗಸರು ಕ್ಯಾನ್ ಹೊತ್ತು ನಮ್ಮ ಹಳೆ ಪೈಪ್ ದಾಟಿ ಹೋಗಬೇಕು. ಹೊಸ ಪೈಪ್ ಇನ್ನೂ ದಪ್ಪ ಎಂದು ಕಂಡದ್ದೇ ಅವರಿಗೆ ರೇಗಿದೆ. ರೇಗದೆ ಇರುತ್ತದೆಯೇ. ವಾಲ್ವ್ ಕೂಡ ಮುಚ್ಚಿದ್ದಾರೆ. ಸಂಜೆಗೆ ನಮ್ಮ ನಲ್ಲಿಗಳಲ್ಲಿ ಗಾಳಿ ಮಾತ್ರ.

ಏಳಕ್ಕೆ ಸಭೆ. ಹಿಂದಿನ ಬೆಂಚಿನಿಂದ ಯಾರೋ, "ಮಾತು ಯಾಕೆ, ಬೆಳಿಗ್ಗೆ ನೂರು ಜನ ಹತ್ತೋಣ. ಜೆಸಿಬಿನೂ ಬರತ್ತೆ, ಮೆಲಿತೋನೂ ಬರ್ತಾನೆ."

"ಹೋದ ಸಲ ನೂರು ಜನ ಹತ್ತಿದ್ರಲ್ಲ," ಅಂದೆ. "ಇಳಿಯುವಾಗ ಎಷ್ಟು ಜನ ಇದ್ರು?"

ತೊಂಬತ್ತೊಂಬತ್ತು ಜನ ಇಳಿದಿದ್ದರು. ನೂರನೆಯವನು ನನ್ನ ಅಣ್ಣ ವಿಲ್ಫ್ರಿದೊ. ಮೇಲೆ ಅವರ ಕಡೆಯವನೂ ಒಬ್ಬ ಸತ್ತ.

ಅಧ್ಯಕ್ಷ ಫಿದೆನ್ಸಿಯೊ ಮೀಸೆ ತಿರುವಿ, "ಭಾನುವಾರ ಹದಿನೈದರ ತನಕ ಟೈಮ್ ಕೊಡ್ತೀವಿ, ಸಿಂದಿಕಾ. ಆಮೇಲೆ ಜನರನ್ನ ಹಿಡಿಯೋಕೆ ನನ್ನ ಕೈಲಿ ಆಗಲ್ಲ" ಎಂದರು. ಹನ್ನೆರಡು ದಿನ. ನನಗೆ ಆರು ಸಾಕು ಅಂದೆ. ಅಂದದ್ದು ಸ್ವಲ್ಪ ಜಾಸ್ತಿಯಾಯಿತೇನೋ.

ಮಾರ್ಚ್ 5, ಗುರುವಾರ. ಯೆರಾಗ

ಎರಡೂವರೆ ಗಂಟೆ ಏರು. ಒಬ್ಬಳೇ ಬಂದೆ. ಕೋಲನ್ನು ಬೇಕೆಂದೇ ಆಫೀಸಿನಲ್ಲಿ ಬಿಟ್ಟೆ. ಸಿಂದಿಕಾ ಹುದ್ದೆಯ ಕೋಲು, ತುದಿಯಲ್ಲಿ ಬಣ್ಣದ ರಿಬ್ಬನ್ ಕಟ್ಟಿದ್ದು. ನಗರದಲ್ಲಿ ಟ್ರೈನಿಂಗ್ ಕೊಟ್ಟ ಮೇಡಂ ಬೋರ್ಡ್ ಮೇಲೆ ದೊಡ್ಡದಾಗಿ ಬರೆದಿದ್ದರು — ಮಧ್ಯಸ್ಥರು ಅಧಿಕಾರವನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರಬೇಕು. ಸರ್ಟಿಫಿಕೇಟ್ ಫ್ರೇಮ್ ಹಾಕಿಸಿದ್ದೇನೆ. ಸುಮ್ಮನೆ ಅಲ್ಲ.

ಮೆಲಿತೋನ್ ಬಂಧನದಲ್ಲಿ ಸೊರಗಿರುತ್ತಾನೆ ಎಂದುಕೊಂಡು ಅಂಗಿ, ಮಾತ್ರೆ, ಒಂದು ಗಂಟು ರೊಟ್ಟಿ ಹೊತ್ತು ಬಂದೆ. ಸಾಹೇಬರು ಶಾಲೆಯ ಅಂಗಳದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಯೆರಾಗದ ಬನಿಯನ್ ತೊಟ್ಟು, ಯೆರಾಗದ ಪರವಾಗಿ.

"ಓನೊ, ಬಂದ್ಯಾ? ಇವ್ರ ಟೀಮಲ್ಲಿ ಉದ್ದ ಇರೋರೇ ಇಲ್ಲ, ಪಾಪ." ನನ್ನನ್ನು ಓನೊ ಎಂದು ಕರೆಯುವವನು ಅವನೊಬ್ಬನೇ.

"ನಿನ್ನನ್ನ ಹಿಡಿದಿಟ್ಟಿದಾರೆ ಅಂತ ಕೆಳಗೆ ಜನ ಮಚ್ಚು ಮಸೀತಿದಾರೆ."

"ಹಿಡಿದಿಟ್ಟಿದಾರೆ ಕಣೇ. ರಸ್ತೆ ತನಕ ಹೋದ್ರೆ ಇಬ್ರು ಹಿಂದೇನೇ ಬರ್ತಾರೆ. ಆದ್ರೆ ಊಟಕ್ಕೆ ಮೂರು ಮನೆಯವರು ಜಗಳ ಆಡ್ತಾರೆ."

ಸಿಟ್ಟೂ ಬಂತು, ಜೀವವೂ ಬಂತು.

ಯೆರಾಗದ ಮುಖ್ಯಸ್ಥ ದೋನ್ ಕ್ರಿಸೋಫೊರೊ. ಅರವತ್ತರ ಒಣಕಲು ಮನುಷ್ಯ, ಮಾತಿಗೆ ಮೊದಲು ಮೂರು ಸಲ ಕೆಮ್ಮುತ್ತಾರೆ. "ಬಾ, ಮೆಲಿತೋನ್ ಹೆಂಡ್ತಿ, ಕೂತ್ಕೊ, ಕಾಫಿ ಕುಡಿ" ಅಂದರು. ಎಲ್ಲರೂ ಹಾಗೆಯೇ ಕರೆದರು. ಎಷ್ಟು ಸಲಿಗೆ. ಒಳಗೊಳಗೇ ಖುಷಿಯಾಯಿತು, ಗೋಡೆ ಬಿತ್ತು ಎಂದು.

ಉಳಿಯಲು ಲುದಿವಿನಾ ಅತ್ತೆಯ ಮನೆ ಕೊಟ್ಟಿದ್ದಾರೆ. ಮೇಲಿನ ಸಾಲಿನ ಕೊನೆಯ ಮನೆ. ಎಪ್ಪತ್ತು ದಾಟಿದ ಒಂಟಿ ಹೆಂಗಸು, ಊರಿಗೆಲ್ಲ ಅತ್ತೆ. ನೋಡುತ್ತಿದ್ದಂತೆ ಎರಡು ಕ್ಯಾನ್ ನೀರು ಹೊತ್ತು ಹತ್ತಿ ಬಂದಳು. ಒಂದನ್ನು ತೆಗೆದುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ.

ಮಾರ್ಚ್ 7, ಶನಿವಾರ

ಆಯಿತು. ಮೂರು ಬೈಠಕ್, ಮೂರು ದಿನ.

ಮೊದಲು ಮೇಲಿನ ಸಾಲಿನ ಹದಿನೇಳು ಮನೆಗೆ ಪೈಪ್. ಆಮೇಲೆ ನಮ್ಮೂರಿಗೆ. ಎರಡೂ ಊರಿನವರು ಸೇರಿ ತೆಕಿಯೊ ಮಾಡುವುದು — ಮನೆಗೊಬ್ಬ, ಕೂಲಿ ಇಲ್ಲದೆ. ಜೆಸಿಬಿ ಬಿಡುವುದು, ವಾಲ್ವ್ ತೆರೆಯುವುದು. ಯಾರ ಮೇಲೂ ಕೇಸಿಲ್ಲ.

ಇಷ್ಟು ಸಲೀಸಾಗಿ ಯಾವ ರಾಜಿಯೂ ಆಗಿರಲಿಲ್ಲ. ನಗುತ್ತಾ ಮಾತಾಡಿದರು. ಹಳೆಯದನ್ನು ಯಾರೂ ಕೆದಕಲಿಲ್ಲ. ಮೆಸ್ಕಲ್ ಸುತ್ತು ಬಂತು, ಎಲ್ಲರೂ ಒಂದೊಂದು ಗುಟುಕು. ನಗರದ ಮೇಡಂ ನೋಡಬೇಕಿತ್ತು.

ರಾತ್ರಿ ಊಟಕ್ಕೆ ಕರಿ ಅವರೆ, ಹಸಿಮೆಣಸು. ಲುದಿವಿನಾ ಅತ್ತೆ ರೊಟ್ಟಿ ಮಗುಚುತ್ತಾ ಕೇಳಿದಳು, "ತೊಂಬತ್ತಾರರಲ್ಲಿ ನಿಂದು ಯಾರು ಹೋದ್ರು?"

"ಅಣ್ಣ. ವಿಲ್ಫ್ರಿದೊ."

"ನಂದು ಮಗ. ಅಬೆಲ್."

ಹೇಳಿ ಅತ್ತೆ, ಕೇಳ್ತೀನಿ ಅಂದೆ. ನನಗೆ ಕೇಳುವುದು ಚೆನ್ನಾಗಿ ಬರುತ್ತದೆ. ಅವಳು ತಲೆ ಅಲ್ಲಾಡಿಸಿದಳು. "ನಿನ್ನ ಹತ್ರ ಹೇಳೋದಲ್ಲ ಅದು, ಮೆಲಿತೋನ್ ಹೆಂಡ್ತಿ."

ನೋವಿನ ಮಾತು ಎಂದುಕೊಂಡು ರೊಟ್ಟಿ ಮುರಿದುಕೊಂಡೆ. ಬೆಳಿಗ್ಗೆ ಇಳಿದು ಪತ್ರ ಟೈಪ್ ಮಾಡಿಸಬೇಕು.

ಮಾರ್ಚ್ 9, ಸೋಮವಾರ. ಯೆರಾಗ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಪತ್ರ ಹಿಡಿದು ಹತ್ತಿದೆ. ನಾಲ್ಕು ಪ್ರತಿ, ಅಧ್ಯಕ್ಷರ ಸೀಲು. ಜೆಸಿಬಿಯ ಮುಂದೆ ಇಬ್ಬರು ಹಾಗೆಯೇ ಕೂತಿದ್ದಾರೆ. ದೋನ್ ಕ್ರಿಸೋಫೊರೊ ಪತ್ರವನ್ನು ಉದ್ದಕ್ಕೂ ಓದಿ, ಮಡಿಸಿ, ಮರಳಿ ಕೈಗಿಟ್ಟರು.

"ಯಾರ ಜೊತೆ ಒಪ್ಪಂದ ಇದು?"

"ನನ್ನ ಜೊತೆ, ದೋನ್ ಕ್ರಿಸೋಫೊರೊ. ಇದೇ ಬೆಂಚಲ್ಲಿ ಕೂತು ಕೈ ಕುಲುಕಿದ್ವಲ್ಲ."

ಮೂರು ಸಲ ಕೆಮ್ಮಿದರು. "ಗಂಡನ್ನ ನೋಡೋಕೆ ಹೆಂಡ್ತಿ ಬಂದ್ಲು. ಒಳ್ಳೆ ಹೆಂಗಸು. ಕೂತು ಹರಟೆ ಹೊಡೆದ್ವಿ. ನೀರಿನ ವಿಷಯಾನೂ ಮಾತಾಡಿದ್ವಿ. ಸಿಂದಿಕಾ ಯಾವಾಗ ಬಂದ್ಲು? ಬಂದಿದ್ರೆ ಕೋಲು ಮೇಜಿನ ಮೇಲೆ ಇರ್ತಿತ್ತು."

ಕಿವಿ ಬಿಸಿಯಾಯಿತು. ಎರಡೂ ಕಡೆ ಸಮಾನವಾಗಿ ಕೂರಲಿ ಅಂತ ಬೇಕೆಂದೇ ಬಿಟ್ಟು ಬಂದೆ ಎಂದೆ. ಟ್ರೈನಿಂಗ್ ವಿಷಯವನ್ನೂ ಹೇಳಿದೆ — ಅದೊಂದು ಹೇಳಬಾರದಿತ್ತು. ಗೋಡೆಗೆ ಒರಗಿದ್ದವನೊಬ್ಬ, "ನಾಳೆ ನಿಮ್ಮ ಅಧ್ಯಕ್ಷರು 'ಅವಳು ಸ್ವಂತಕ್ಕೆ ಹೋಗಿದ್ಲು, ನಮಗೇನು ಗೊತ್ತು' ಅಂದ್ರೆ ಯಾರನ್ನ ಕೇಳೋಣ? ಮೇಡಮ್‌ನಾ?" ಎಂದ. ನಕ್ಕರು. ನಕ್ಕದ್ದು ನ್ಯಾಯವಾಗಿಯೇ ಇತ್ತು.

ನಾನು ಇಲ್ಲಿಯವಳು. ಇದೇ ಗುಡ್ಡದ ನೀರು ಕುಡಿದವಳು. ಕೋಲು ಮೇಜಿನ ಮೇಲಿಲ್ಲದೆ ಆಡಿದ ಮಾತು ಬರೀ ಮಾತು ಎಂದು ನನ್ನ ಅಪ್ಪನಿಗೂ ಗೊತ್ತಿತ್ತು, ಅಜ್ಜನಿಗೂ. ಫ್ರೇಮ್ ಹಾಕಿದ ಕಾಗದ ನೋಡುತ್ತಾ ನೋಡುತ್ತಾ ಅದನ್ನೇ ಮರೆತೆ. ಸಲಿಗೆ ಎಂದುಕೊಂಡು ಉಬ್ಬಿದ್ದೆ. ಸಲಿಗೆಯಲ್ಲ, ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅದಕ್ಕೇ ಲುದಿವಿನಾ ಅತ್ತೆ ಹಾಗೆ ಅಂದದ್ದು.

ಮಾರ್ಚ್ 10, ಮಂಗಳವಾರ. ಸಾನ್ ಹಸಿಂತೊ

ಅಧ್ಯಕ್ಷರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಕುರ್ಚಿಗೆ ಒರಗಿ ಚಾವಣಿ ನೋಡಿದರು.

"ಕೋಲು ಬಿಟ್ಟು ಹೋದ್ಯಾ. ನಾನೇ ಗಮನಿಸಲಿಲ್ಲ ನೋಡು."

"ಈಗ ತಗೊಂಡು ಹೋಗ್ತೀನಿ."

"ಬೇಡ. ತೊಂಬತ್ತಾರರಲ್ಲಿ ಅಲ್ಲಿಗೆ ಹೋದ ಆಗಿನ ಸಿಂದಿಕೊನ ಕೋಲು ಮುರಿದು ವಾಪಸ್ ಬಂತು. ನಿಂದೂ ಮುರಿದ್ರೆ ಭಾನುವಾರದ ತನಕಾನೂ ಕಾಯಲ್ಲ ನಮ್ಮವರು."

"ತಗೊಂಡು ಹೋಗದಿದ್ರೆ ಕಾಯ್ತಾರಾ?"

ಅಧ್ಯಕ್ಷರು ಕಿಟಕಿಯ ಕಡೆ ತಿರುಗಿದರು. ಹೊರಗೆ ಹೆಂಗಸರು ಟ್ಯಾಂಕರಿಗೆ ಸಾಲು ನಿಂತಿದ್ದರು. ಮೊದಲ ಸಲ ಭಯವಾಯಿತು. ನನ್ನ ಜೀವಕ್ಕಲ್ಲ. ಅಣ್ಣನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಇಳಿಸಿದ ರಸ್ತೆ ಅದು. ಮತ್ತೆ ಒಂದು ಮನೆಯ ಬಾಗಿಲು ಕಿತ್ತು ತರುವುದನ್ನು ನಾನು ನೋಡಲಾರೆ.

ಮಾರ್ಚ್ 12, ಗುರುವಾರ. ಯೆರಾಗ

ಅಧ್ಯಕ್ಷರು ಬೇಡ ಅಂದರೂ ಕೋಲು ಹಿಡಿದು ಹತ್ತಿದೆ. ಹಳ್ಳಿಯ ಬಾಯಲ್ಲೇ ಗಂಟೆ ಬಾರಿಸಿದರು. ಹೋದ ಸಲ ಬಾರಿಸಿರಲಿಲ್ಲ. ಸಭೆ ತುಂಬಿತು. ಕೋಲನ್ನು ಮೇಜಿನ ಮೇಲೆ ಮಲಗಿಸಿದೆ, ದೋನ್ ಕ್ರಿಸೋಫೊರೊ ತಮ್ಮದನ್ನು ಅದರ ಪಕ್ಕ ಮಲಗಿಸಿದರು.

"ಹೇಳಿ, ಸಿಂದಿಕಾ ಅವರೇ."

ಆಮೇಲಿನ ಆರು ಗಂಟೆ... ಹೋದ ವಾರದ ನಗುವೆಲ್ಲ ಎಲ್ಲಿ ಹೋಯಿತೋ. ಅದೇ ಜನ, ಅದೇ ಬೆಂಚು, ಬೇರೆಯೇ ಮಾತು. ಶಾಲೆಗೆ ಮೇಷ್ಟ್ರು ಕೇಳಿದ್ದು, ಕೊಡದ್ದು. ರಸ್ತೆ ಕುಸಿದಾಗ ಯಾರೂ ಬಾರದ್ದು. ಹೆರಿಗೆಗೆ ಜೀಪು ಕೇಳಿದರೆ ಡೀಸೆಲ್ ಇಲ್ಲ ಎಂದದ್ದು. ಒಬ್ಬೊಬ್ಬರೂ ಎದ್ದು ನಿಂತು, ನನ್ನ ಮುಖ ನೋಡದೆ ಕೋಲಿನ ಕಡೆ ನೋಡಿ ಹೇಳಿದರು. ಬೈಗುಳ ಕಡಿಮೆ. ತಾರೀಖು ಸಮೇತ ಹೇಳಿದರು, ಅದು ಬೈಗುಳಕ್ಕಿಂತ ಕಷ್ಟ.

ಒಬ್ಬ ತೊಂಬತ್ತಾರರ ಮಾತೆತ್ತಿದ. "ನಮ್ಮ ಹುಡುಗ ಸತ್ತ ದಿನ ನಿಮ್ಮ ಆಫೀಸಿಂದ ಯಾರು ಬಂದ್ರು?" ಲುದಿವಿನಾ ಅತ್ತೆ ಎದ್ದು ಹೊರಗೆ ಹೋದಳು. ನನ್ನ ನಾಲಿಗೆಯ ತುದಿಗೆ ಬಂದಿತ್ತು — ನಮ್ಮನೆಗೂ ಯಾರೂ ಬರಲಿಲ್ಲ ಎಂದು. ನುಂಗಿದೆ. ಅಲ್ಲಿ ಕೂತಿದ್ದದ್ದು ಸಿಂದಿಕಾ, ವಿಲ್ಫ್ರಿದೊನ ತಂಗಿಯಲ್ಲ.

"ಪುರಸಭೆ ಬರಬೇಕಾಗಿತ್ತು. ಬರಲಿಲ್ಲ. ಅದು ತಪ್ಪು" ಅಂದೆ. ಇಷ್ಟೇ ಮಾತು. ಬೆವರು ಇಳಿಯಿತು.

ಆಮೇಲೆ ಗುಜುಗುಜು. ನಮ್ಮ ಕಡೆ ಕೈ ಎತ್ತಿ ಎಣಿಸುವುದಿಲ್ಲ. ಪಕ್ಕದವರ ಜೊತೆ ಗುಜುಗುಟ್ಟುತ್ತಾರೆ, ಅದು ತಾನಾಗಿ ತಗ್ಗುವ ತನಕ ಹಿರಿಯರು ಕಾಯುತ್ತಾರೆ. ತಗ್ಗಿತು. ದೋನ್ ಕ್ರಿಸೋಫೊರೊ ಕೆಮ್ಮಿದರು. ಷರತ್ತು ಅವೇ — ಮೊದಲು ಮೇಲಿನ ಸಾಲು, ಜೊತೆಯಲ್ಲಿ ತೆಕಿಯೊ. ಆದರೆ ಒಂದು ಹೆಚ್ಚಿಗೆ.

"ಮೆಲಿತೋನ್ ಒಳ್ಳೇವ್ನು, ಆದ್ರೆ ಅವನನ್ನ ಇಟ್ಕೊಂಡ್ರೆ ನಿಮ್ಮ ಅಧ್ಯಕ್ಷರ ನಿದ್ದೆ ಕೆಡಲ್ಲ. ನಮ್ಮ ನಲ್ಲಿಲಿ ನೀರು ಬರೋ ತನಕ ಕೋಲು ಇಲ್ಲಿರಬೇಕು."

"ಕೋಲೊಂದನ್ನೇ ಬಿಟ್ಟು ಹೋಗೋ ಹಾಗಿಲ್ಲ. ನಿಮಗೂ ಗೊತ್ತು."

"ಗೊತ್ತು."

"ಹಾಗಾದ್ರೆ ನಾನೂ ಇರ್ತೀನಿ."

ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಮೆಲಿತೋನ್ ಬಾಗಿಲಲ್ಲಿ ನಿಂತು ತಲೆ ಕೆರೆಯುತ್ತಿದ್ದ. "ನನ್ನನ್ನ ಬಿಡಿಸೋಕೆ ಬಂದು ನೀನೇ ಸಿಕ್ಕಾಕೊಂಡ್ಯಲ್ಲ, ಓನೊ" ಎಂದ. ಕೆಳಗೆ ಪತ್ರ ಒಯ್ಯುವುದು ಅವನ ಕೆಲಸ.

ಮಾರ್ಚ್ 14, ಶನಿವಾರ

ಮೆಲಿತೋನ್ ಇಳಿದು ಎರಡು ದಿನ. ಸುದ್ದಿ ಇಲ್ಲ. ಗುಡ್ಡದ ಈ ಕಡೆ ಫೋನ್ ಸಿಗುವುದಿಲ್ಲ.

ಲುದಿವಿನಾ ಅತ್ತೆಗೆ ಹಿಟ್ಟು ರುಬ್ಬಿ ಕೊಟ್ಟೆ. ನನ್ನ ರೊಟ್ಟಿ ನೋಡಿ, "ಕೆಳಗಿನೋರು ಇಷ್ಟು ದಪ್ಪ ತಟ್ಟಿದ್ರೆ ಬಾಯಾರಿಕೆ ಆಗದೆ ಇರತ್ತಾ" ಅಂದಳು. ನಕ್ಕಳು ಎಂದು ಕಾಣುತ್ತದೆ. ಹೊಗೆಯಲ್ಲಿ ಸರಿಯಾಗಿ ಕಾಣಲಿಲ್ಲ.

ನಾನು ಮಾಡಿದ್ದು ಸರಿ. ಗೊತ್ತು. ಆದರೂ ನಾಳೆ ಭಾನುವಾರ.

ಮಾರ್ಚ್ 15, ಭಾನುವಾರ. ಬೆಳಿಗ್ಗೆ ಏಳು

ರಸ್ತೆಯ ತಿರುವಿನಲ್ಲಿ ಜನ. ಬಹಳ ಜನ. ಗಂಟೆ ಬಾರಿಸುತ್ತಿದ್ದಾರೆ, ಇದು ಸಭೆಯ ಗಂಟೆಯಲ್ಲ. ಇಲ್ಲಿಯ ಗಂಡಸರು ಮನೆಯೊಳಗೆ ಹೋಗಿ ಮಚ್ಚು ಹಿಡಿದು ಬಂದರು. ಕೋಲು ತೆಗೆದುಕೊಂಡು ಹೋಗುತ್ತಿದ್ದೇನೆ—

ಮಧ್ಯಾಹ್ನ

ಸಲಿಕೆ. ನೂರಾ ಮೂವತ್ತು ಜನ, ಹಾರೆ, ಸಲಿಕೆ, ಗುದ್ದಲಿ.

ರಸ್ತೆಯ ನಡುವೆ ನಿಂತಿದ್ದೆ. ಹಿಂದೆ ಯೆರಾಗ, ಮುಂದೆ ನಮ್ಮೂರು. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಊರಿದೆ. ದೂರದಿಂದ ಹಾರೆ ಯಾವುದು, ಬಂದೂಕು ಯಾವುದು ಎಂದು ಹೇಗೆ ಗೊತ್ತಾಗಬೇಕು? ಮುಂದೆ ಅಧ್ಯಕ್ಷರು, ಹೆಗಲ ಮೇಲೆ ಗುದ್ದಲಿ, ಏದುಸಿರು.

"ಎಲ್ಲಿಂದ ಅಗೆಯೋದು?" ಅಂದರು. ಅಷ್ಟೇ.

ನನಗೆ ಅಳು ಬಂತು. ಎಲ್ಲರ ಎದುರೇ ಅತ್ತುಬಿಟ್ಟೆ. ಬಂದರೆ ಬರಲಿ.

ಶುಕ್ರವಾರದ ಸಭೆಯ ವಿಷಯ ಮೆಲಿತೋನ್ ಹೇಳಿದ. ಸಿಂದಿಕಾ ಮೇಲೆ ಉಳಿದಿದ್ದಾಳೆ ಎಂದು ಪತ್ರ ಓದಿದ ಕೂಡಲೇ ಗುಜುಗುಜು ಶುರುವಾಗಿ ಎರಡು ಗಂಟೆ ತಗ್ಗಲಿಲ್ಲವಂತೆ. ಕೊನೆಗೆ ಅಧ್ಯಕ್ಷರೇ ಎದ್ದು, "ನಮ್ಮ ಕೋಲು ಅಲ್ಲಿ ಮಾತು ಕೊಟ್ಟಿದೆ. ಆ ಮಾತು ಉಳಿಸೋಕೆ ಹೋಗ್ತೀರೋ, ಮುರಿಯೋಕೆ ಹೋಗ್ತೀರೋ?" ಎಂದರಂತೆ. ಇಷ್ಟು ಚೆಂದ ಮಾತಾಡುವ ಮನುಷ್ಯ ನನ್ನ ಎದುರು ಮಾತ್ರ ಮೀಸೆ ತಿರುವುತ್ತಾನೆ.

ಯೆರಾಗದವರು ಮಚ್ಚು ಒಳಗಿಟ್ಟು ಸಲಿಕೆ ಹಿಡಿದು ಬಂದರು. ಬೆಳಿಗ್ಗೆ ಎರಡೂ ಊರಿನವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾರೆ ಹಿಡಿಯುವ ರೀತಿ ಸರಿಯಿಲ್ಲ ಎಂದು ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದರು. ಊಟಕ್ಕೆ ಒಂದೇ ಸಾಲು.

ಮಾರ್ಚ್ 21, ಶನಿವಾರ

ಬರೆಯಲು ಪುರುಸೊತ್ತಿಲ್ಲ. ಅಡುಗೆಮನೆಯಲ್ಲಿ ನನ್ನನ್ನೂ ಪಾಳಿಗೆ ಹಾಕಿದ್ದಾರೆ. ಕೋಲನ್ನು ಶಾಲೆಯ ಬೀರುವಿನಲ್ಲಿ ಇಟ್ಟಿದ್ದೇವೆ, ಬೀಗದ ಕೈ ನನ್ನ ಹತ್ತಿರ. ನಿನ್ನೆ ಬಂಡೆ ಸಿಕ್ಕಿ ಅರ್ಧ ದಿನ ಹೋಯಿತು. ಮೆಲಿತೋನ್ ಕ್ರಿಸೋಫೊರೊ ಅವರ ಮೊಮ್ಮಗಳ ದೀಕ್ಷಾಸ್ನಾನಕ್ಕೆ ಜ್ಞಾನಪಿತ ಆಗಲು ಒಪ್ಪಿಕೊಂಡು ಬಂದಿದ್ದಾನೆ. ನನ್ನನ್ನು ಕೇಳಲೇ ಇಲ್ಲ. ನಾನೂ ಯಾರನ್ನೂ ಕೇಳದೆ ಇಲ್ಲಿ ಉಳಿದವಳು, ಏನು ಹೇಳಲಿ.

ಮಾರ್ಚ್ 24, ಮಂಗಳವಾರ

ಹದಿನೇಳೂ ಮನೆಗೆ ನೀರು. ಕೆಳಗಿನ ವಾಲ್ವ್ ಕೂಡ ತೆರೆದರು. ನಮ್ಮ ದಪ್ಪ ಪೈಪಿನ ಕೆಲಸ ನಾಳೆಯಿಂದ.

ಲುದಿವಿನಾ ಅತ್ತೆ ನಲ್ಲಿ ತಿರುಗಿಸಿ, ಬಕೆಟ್ ತುಂಬುವ ತನಕ ನಿಂತು, ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಮತ್ತೆ ನಿಲ್ಲಿಸಿದಳು.

ದೋನ್ ಕ್ರಿಸೋಫೊರೊ ಬಂದು, "ಇನ್ನು ನೀವು ಹೋಗಬಹುದು, ಸಿಂದಿಕಾ ಅವರೇ" ಅಂದರು. ಬೆಳಿಗ್ಗೆ ಬೇಗ ಹೊರಡುವುದು. ಮೈಯೆಲ್ಲ ನೋವು, ಮನಸ್ಸು ಹಗುರ. ಇದನ್ನು ನಾನು ಮಾಡಿದೆ. ನನ್ನ ತಪ್ಪನ್ನೂ ನಾನೇ ಮಾಡಿದೆ, ಅದನ್ನು ನಾನೇ ತಿದ್ದಿದೆ.

ಮಾರ್ಚ್ 25, ಬುಧವಾರ. ಬೆಳಿಗ್ಗೆ ಆರೂವರೆ

ಗಂಟು ಕಟ್ಟಿ ಶಾಲೆಗೆ ಹೋದೆ, ಬೀರುವಿನಿಂದ ಕೋಲು ತೆಗೆದುಕೊಳ್ಳಲು. ಜಗಲಿಯ ಮೇಲೆ ಜನ. ಹದಿನಾಲ್ಕು ಜನ, ಸಾಲಾಗಿ. ಬೀಳ್ಕೊಡಲು ಬಂದಿದ್ದಾರೆ ಎಂದುಕೊಂಡು ಕೈ ಕುಲುಕಲು ಹೋದೆ. ದೋನ್ ಕ್ರಿಸೋಫೊರೊ ಪಕ್ಕಕ್ಕೆ ಕರೆದರು.

"ಬೀಳ್ಕೊಡೋಕಲ್ಲ. ದೂರು ಕೊಡೋಕೆ. ಕೋಲು ಇಲ್ಲೇ ಇದೆಯಲ್ಲ, ಇಳಿದು ಹೋಗೋಕೆ ಮುಂಚೆ ಕೇಳ್ಕೊಳ್ತೀರಾ ಅಂತ."

ಹತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ಲ. ಇವತ್ತು ಹದಿನಾಲ್ಕು. ಮೆಲಿತೋನ್‌ಗೆ ಗಂಟು ವಾಪಸ್ ಕೊಟ್ಟೆ.

ದೂರಿನ ಪುಸ್ತಕ ಕೆಳಗೆ ಆಫೀಸಿನಲ್ಲಿದೆ. ಇಲ್ಲಿ ಖಾಲಿ ಹಾಳೆ ಇರುವುದು ನನ್ನ ಈ ಡೈರಿಯಲ್ಲಿ ಮಾತ್ರ. ಇದರಲ್ಲೇ ಬರೆದುಕೊಂಡು ಆಮೇಲೆ ಇಳಿಸಿಕೊಳ್ಳುತ್ತೇನೆ. ಕೋಲನ್ನು ಮೇಜಿನ ಮೇಲಿಟ್ಟು ಮೊದಲನೆಯವರನ್ನು ಕರೆದೆ.

ಲುದಿವಿನಾ ಅತ್ತೆ. ಹಬ್ಬದ ಶಾಲು ಹೊದ್ದಿದ್ದಾಳೆ. ಇಪ್ಪತ್ತು ದಿನದಿಂದ ನನ್ನ ಜೊತೆ ಒಂದೇ ಒಲೆಯ ಮುಂದೆ ಕೂತವಳು, ಈಗ ಅಪರಿಚಿತಳ ಹಾಗೆ ನಿಂತೇ ಇದ್ದಾಳೆ. ಕೂರಲು ಹೇಳಿದೆ.

"ಈಗ ಹೇಳಬಹುದಾ, ಸಿಂದಿಕಾ ಅವರೇ?"

"ಹೇಳಿ. ಬರ್ಕೊತೀನಿ."

ಕ್ರಮ ಸಂಖ್ಯೆ: 1. ಊರು: ಯೆರಾಗ. ದೂರುದಾರರು: ಲುದಿವಿನಾ, ವಯಸ್ಸು ಎಪ್ಪತ್ತೆರಡು, ವಿಧವೆ. ಯಾರ ಮೇಲೆ: ಸಾನ್ ಹಸಿಂತೊ ಪುರಸಭೆ. ವಿಷಯ: ಮಗ ಅಬೆಲ್, ವಯಸ್ಸು ಇಪ್ಪತ್ತೆರಡು. ಆ ದಿನ ಬೆಳಿಗ್ಗೆ ಅವನು ನೀರು ತರಲು ಹೋಗಿದ್ದ, ಹೊಡೆದಾಟ ಶುರುವಾದದ್ದು ಅವನಿಗೆ ಗೊತ್ತಿರಲಿಲ್ಲ, ಕೈಯಲ್ಲಿ ಕ್ಯಾನ್ ಬಿಟ್ಟರೆ ಬೇರೆ ಏನೂ ಇರಲಿಲ್ಲ.